ಸೋಲೋ

ಸೋಲೋ, ಅಂದ್ಲು ಹುಡುಗಿ.
ನನಗ ಸೋಲು ಅಂತ ಕೇಳಿಸ್ತು.
ಯಾರ ಕೂಡ ಸೋತಾನವ್ವ, ಅಂದೆ.
ಸೋತಿಲ್ಲ ಅನಸಕ್ಕ, ಒಬ್ಬನಽ ಬಾರಿಸ್ಯಾನ,
ಎಂಟು ಹಾಡು, ಯಾರೂ ಜೋಡಿ ಇಲ್ಲದ.
ನಕ್ಕಳು. ನಾನೂ ನಕ್ಕೆ,
ಸೂಜ್ಯಾಗ ದಾರ ಪೋಣಿಸೋದು ಬಿಡಲಿಲ್ಲ.

ವಡಗಾವ್ಯಾಗ ನನ್ನ ಅಂಗಡಿ ಅಂದ್ರ
ಒಂದು ಬಾಗಲಾ, ಒಂದು ಮಷೀನು,
ಮಗ್ಗ ಮಾರಿದ ರೊಕ್ಕದಾಗ ತಂದದ್ದು.
ಪರಕರ, ಫಾಲ್, ಪಿಕೋ, ದಿಂಬಿನ ಗಲೀಫ.
ಅದರ ನಡಕ ಲವಿಟಾ ಹರವಿದ್ದು
ಒಂದು ಹಳೇ ಜೀನ್ಸ್ ಪ್ಯಾಂಟು.
ಅಂವಂದಽ ಇದು, ಚೀಲ ಆಗಬೇಕು,
ಹಾಡು ಕೇಳಿ ಹೊಲೀರಿ.

ಹಾಡು ಕೇಳಿ ಯಾರರ ಚೀಲ ಹೊಲೀತಾರೇನು?
ಅಳತಿ ಕೊಡು, ಅಂದೆ.
ನನ್ನ ಫೋನಿಗೆ ಎಂಟೂ ಹಾಡು ಹಾಕಿ ಹೋದ್ಲು.

ಹೆಸರು ಫಿಡೆಲಿಸ್. ನನ್ನ ಬಾಯಾಗ ಪಿಡ್ಲೀಸ.
ಮೂರನೇ ಗೇಟಿನ ಹತ್ರ ಮನಿ,
ಅದಽ ತಂಡದ ಹೆಸರೂ ಆಗಿತ್ತಂತ,
ನಾಕು ಮಂದಿ ಇದ್ದಾಗ.
ಒಬ್ಬಂವ ಉದ್ಯಮಬಾಗದಾಗ ಮೋಟಾರ್ ಸುತ್ತತಾನ,
ಒಬ್ಬಂವ ವಾಸ್ಕೋದಾಗ, ಹಡಗಿನ ಕೆಲಸಕ್ಕ.
ಡ್ರಮ್ ಬಡಿಯಾಂವ ಇಲ್ಲೇ ಅದಾನ,
ಎರಡು ಓಣಿ ಆಚೆ.
ಮಾತು ಬಿಟ್ಟಾನ.

ನೇಕಾರ ಮನಿಯಾಕಿ ನಾನು, ಬಟ್ಟಿ ಓದಾಕ ಬರತೈತಿ.
ಹಾಸು ನೀಲಿ, ಹೊಕ್ಕು ಬಿಳೇದು.
ಬಲದ ತೊಡಿ ಮ್ಯಾಲ ಗಿಟಾರ ಕುಂತು ಕುಂತು
ನೀಲಿ ಸವದು ಬಿಳೇ ಎಳಿ ಇಣಕತಿದ್ದವು.
ಎಡಗಡೆ ತೊಡಿಗೆ ಏನೂ ಗೊತ್ತಽ ಇಲ್ಲ.
ಹೊಲಿಗಿ ಬಿಚ್ಚಿ ಹಿಂದಿನ ಕಿಸೆ ತಗದೆ,
ಕೆಳಗ, ಕಿಸೆ ಆಕಾರದಾಗಽ,
ಕಡು ನೀಲಿ ಉಳದಿತ್ತು,
ಇಪ್ಪತ್ತು ವರ್ಷ ಬಿಸಲು ಕಾಣದ ನೀಲಿ,
ಅಂಗಡಿಯಿಂದ ತಂದ ದಿನದ್ದು.

ಮೊದಲ ಮೂರು ಹಾಡು ತಿಳೀಲಿಲ್ಲ,
ಖರೇ ಹೇಳತೇನಿ, ಪಾತ್ರಿ ಬಿದ್ದಂಗ ಕೇಳಿಸ್ತು.
ನಾಕನೇದರಾಗ ಅಂವ ಬಾರಿಸ್ತ ಬಾರಿಸ್ತ
ತಟ್ಟನೆ ನಿಲ್ಲತಾನ.
ಫೋನು ಕೆಟ್ಟಿತೇನೋ ಅಂತ ನೋಡಿದೆ. ಓಡಾಕತ್ತಿತ್ತು.
ಪಂಕ್ತ್ಯಾಗ ಒಂದು ಎಲಿ ಹಾಕಿ
ಬರಾವರ ಹಾದಿ ಕಾಯ್ದಂಗ.
ದೂರ ಮಿರಜದ ಗಾಡಿ ಕೂಗತೈತಿ, ರೆಕಾರ್ಡಿನಾಗಽ,
ಅದನ್ನೂ ತಗದಿಲ್ಲ ಪುಣ್ಯಾತ್ಮ.
ಆಮ್ಯಾಲ ಮತ್ತ ಸುರು ಮಾಡತಾನ,
ಮೊದಲಿಗಿಂತ ಸಣ್ಣಗ.

ಎರಡನೇ ಸಲ ಹಚ್ಚಿದೆ.
ಅಂವ ನಿಂತಲ್ಲೇ ನನ್ನ ಕಾಲು ತಂತಾನಽ ನಡೀತು.
ಹದಿನೆಂಟು ನಂಬರಿನ ಸೂಜಿ,
ನಾಕು ಪದರ ಕೂಡೋ ಮೂಲಿ,
ಖಟಖಟ ಖಟ, ಖಟಖಟ ಖಟ,
ಬರಬೇಕಾದಾಂವ ಬರದ ಜಾಗಾದಾಗ
ನನ್ನ ಹೊಲಿಗಿ ಮಷೀನು.
ಅಷ್ಟರಾಗ ಸೂಜಿ ಮುರೀತು. ಒಂದಲ್ಲ, ಎರಡು.
ಅದರ ರೊಕ್ಕ ಲೆಕ್ಕಕ್ಕ ಹಿಡದಿಲ್ಲ ನಾನು.

ಸಂಜೀಕ ಬಂದು ನೋಡಿದ್ಲು.
ಈ ನೀಲಿ ಕಲೆ ಮ್ಯಾಲ ಏನರ ಹಾಕ್ರಿ,
ಒಂದು ಚಿಕ್ಕಿ, ಇಲ್ಲಾ ಅಂವನ ಹೆಸರಿನ ಮೊದಲ ಅಕ್ಷರ.
ಜರಿ ದಾರ ಐತಲ್ಲ ನಿಮ್ಮ ಹತ್ರ.
ಐತಿ. ಮಗ್ಗದ ಕಾಲದ್ದು, ಡಬ್ಬಿ ತುಂಬ ಐತಿ.
ಹಾಕಂಗಿಲ್ಲ, ಅಂದೆ.
ಯಾಕ?
ನಾಕನೇ ಹಾಡು ಕೇಳಿ ಬಾ.

ಮುನ್ನೂರ ಐವತ್ತು ಕೇಳಿದೆ, ಮುನ್ನೂರು ಕೊಟ್ಲು.
ಹೆಗಲಿಗೆ ಹಾಕ್ಕೊಂಡು ನಾಥ ಪೈ ಸರ್ಕಲ್ ಕಡೆ ಹೊಂಟ್ಲು,
ಖಾಲಿ ಚೀಲ ಗಾಳಿ ಕುಡದು
ಹೊಟ್ಟಿ ತುಂಬಿಸ್ಕೊಂತ.

ಒಂದು ಮಾತು ಆಕಿಗೆ ಹೇಳಿಲ್ಲ.
ಚಿಲ್ಲರ ಇಡೋ ಸಣ್ಣ ಕಿಸೆದಾಗ
ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿತ್ತು,
ಮೂರು ಮೂಲಿದು, ನನ್ನ ಗುರುತಿನ ಖಡುವಿನಂಗ,
ಒಂದು ತುದಿ ಸವದದ್ದು.
ಏನಂತ ಆಮ್ಯಾಲ ಗೊತ್ತಾತು.
ಹೊಲದ ಚೀಲ ತಿರುವಿ ಹಾಕಿದಾಗ
ಒಳಗ ಸಿಕ್ಕೊಂಡ ಮೂಲಿ ಹೊರಗ ದಬ್ಬಾಕ
ಅದರಷ್ಟು ಚಲೋದು ಬ್ಯಾರೆ ಇಲ್ಲ.
ಕತ್ರಿ ತುದಿ ಬಟ್ಟಿ ಹರೀತೈತಿ. ಇದು ಹರಿಯಂಗಿಲ್ಲ.

ನಾಳೆ ಕೊಟ್ಟರಾತು ಅಂತ ಗುಂಡಿ ಡಬ್ಬ್ಯಾಗ ಇಟ್ಟೇನಿ.
ಈ ವಾರ ಸಾಲಿ ಹುಡುಗರ ಅಂಗಿ, ಹದಿನಾರು.
ಕಾಲರಿನ ಮೂಲಿ ಎಲ್ಲಾ
ಅದರಿಂದಽ ಚೂಪ ಆಗ್ಯಾವ.